ತಮಾಷೆಯಲ್ಲ, ಚಕ್ರವರ್ತಿಯ ಭಾವಚಿತ್ರ

ಮಾನ್ಯ ಸಂಪಾದಕರೇ,

ಹಣ್ಣು–ತರಕಾರಿಗಳನ್ನೇ ಜೋಡಿಸಿ ಬಿಡಿಸಿದ ಮುಖದ ಚಿತ್ರವೊಂದು ಮಕ್ಕಳ ಪುಟಗಳಲ್ಲಿ ಬರಿಯ ತಮಾಷೆಯೆಂಬಂತೆ ಆಗಾಗ ಅಚ್ಚಾಗುತ್ತದೆ. ಇದು ಅದರ ಕಲಾವಿದನಿಗೆ ಮಾಡುವ ಅನ್ಯಾಯವೆಂದು ನನ್ನ ಅನಿಸಿಕೆ. ಮಿಲಾನಿನ ಜುಸೆಪ್ಪೆ ಆರ್ಚಿಂಬೋಲ್ದೊ 1590ರ ಸುಮಾರಿಗೆ ರಚಿಸಿದ ಈ ತೈಲವರ್ಣ ಚಿತ್ರವು ಪ್ರಾಗ್‌ನಿಂದ ಆಳುತ್ತಿದ್ದ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಎರಡನೆಯ ರುಡಾಲ್ಫನ ಭಾವಚಿತ್ರ.

ಇದಕ್ಕೆ ಪ್ರೇರಣೆಯಾದವನು ರೋಮನ್ನರ ಋತುದೇವತೆ ವೆರ್ಟುಮ್ನಸ್. ಪ್ರಾಚೀನ ಕವಿ ಪ್ರೊಪೆರ್ಷಿಯಸ್‌ನ ಕವಿತೆಯೊಂದರಲ್ಲಿ ಈ ದೇವತೆಯು ತಾನು ಯಾವ ರೂಪವನ್ನಾದರೂ ತಾಳಬಲ್ಲೆನೆಂದೂ, ವರ್ಷದ ಮೊದಲ ದ್ರಾಕ್ಷಿಯೂ ಧಾನ್ಯದ ತೆನೆಯೂ ತನಗಾಗಿಯೇ ಮಾಗುತ್ತವೆಂದೂ ಹೇಳಿಕೊಳ್ಳುತ್ತಾನೆ. ಆ ಮಾತನ್ನು ಆರ್ಚಿಂಬೋಲ್ದೊ ಮುಖವಾಗಿಸಿದ: ಮೂಗಿಗೆ ಪಿಯರ್ ಹಣ್ಣು, ಕಣ್ಣಿನ ರೆಪ್ಪೆಗೆ ಬಟಾಣಿ ಕಾಯಿ, ಕಿವಿಗೆ ಅಮೆರಿಕದಿಂದ ಯುರೋಪಿಗೆ ಬಂದಿದ್ದ ಮೆಕ್ಕೆಜೋಳದ ತೆನೆ, ಎದೆಯ ಮೇಲೆ ಹೂಮಾಲೆ. ವಸಂತದ ಹೂವೂ ಶರತ್ಕಾಲದ ಫಲವೂ ಒಂದೇ ಮುಖದಲ್ಲಿ ಕೂಡಿರುವುದರಿಂದ, ಎಲ್ಲ ಋತುಗಳೂ ಸಮೃದ್ಧವಾಗಿರುವ ಆಳ್ವಿಕೆಯೆಂಬ ಹೊಗಳಿಕೆಯೂ ಅದರಲ್ಲಿದೆ. ಚಿತ್ರದ ಅರ್ಥವನ್ನು ಬಿಡಿಸಲೆಂದೇ ಗ್ರೆಗೋರಿಯೊ ಕೊಮಾನಿನಿ ಎಂಬ ಕವಿ ಪದ್ಯವನ್ನೂ ಬರೆದಿದ್ದ.

1648ರಲ್ಲಿ ಪ್ರಾಗ್‌ಗೆ ನುಗ್ಗಿದ ಸ್ವೀಡನ್ನಿನ ಸೈನ್ಯವು ಅರಮನೆಯ ಕಲಾಕೃತಿಗಳನ್ನು ಕೊಳ್ಳೆ ಹೊಡೆದು ಒಯ್ದಿತು; ಈ ಚಿತ್ರ ಇಂದು ಸ್ವೀಡನ್ನಿನ ಸ್ಕೋಕ್ಲೋಸ್ಟರ್ ಕೋಟೆಮನೆಯಲ್ಲಿದೆ. ಇಂತಹ ಚಿತ್ರಗಳನ್ನು ಪ್ರಕಟಿಸುವಾಗ ಕಲಾವಿದನ ಹೆಸರನ್ನೂ ಪ್ರೇರಣೆಯ ಕಥೆಯನ್ನೂ ಎರಡು ಸಾಲಿನಲ್ಲಾದರೂ ಕೊಡಬೇಕೆಂದು ವಿನಂತಿಸುತ್ತೇನೆ.

— ಚಿತ್ರಕಲಾ ಶಿಕ್ಷಕಿ, ಧಾರವಾಡ