ನಿಷೇಧಾಜ್ಞೆಗೆ ಸಹಿ ಹಾಕುವ ಮುನ್ನ

ಚಿ. ವಿದ್ಯಾಳಿಗೆ ಮಾವನ ಆಶೀರ್ವಾದಗಳು.

ಮಲೆನಾಡಿನ ತಾಲ್ಲೂಕಿಗೆ ತಹಶೀಲ್ದಾರಳಾಗಿ ಹೊರಟಿದ್ದೀಯ. ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಕಡತ ಮೇಜಿಗೆ ಬರುತ್ತದೆ. ಎಲ್ಲೋ ಮಂಗ ಸತ್ತರೆ ಸಾಕು, 'ಯಾರೂ ಕಾಡಿಗೆ ಹೋಗದಂತೆ ನಿಷೇಧಾಜ್ಞೆ ಹಾಕಿ' ಎಂಬ ಒತ್ತಡವೂ ಶುರು. ಆಗ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕೂರಿಸಿಕೊಂಡು ಮೊದಲು ಕೇಳಬೇಕಾದ್ದು: ರೋಗ ಹರಡುವುದು ಹೇಗೆ?

ಇದು ಉಣುಗು ಕಚ್ಚಿ ಬರುವ ರೋಗ, ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಜ್ವರ ಬಂದವರ ಮನೆಗೆ ಬೇಲಿ ಹಾಕಿದರೆ ಅವರ ಮಾನ ಹೋದೀತೇ ಹೊರತು ರೋಗ ನಿಲ್ಲದು. ಇಡೀ ಕಾಡನ್ನೇ ಮುಚ್ಚಿದರೂ ಸೌದೆ, ಸೊಪ್ಪು, ತರಗೆಲೆ ಬೇಕಾದವರು ಕದ್ದು ಹೋಗುತ್ತಾರೆ. ಆಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಎಂದು ಆಶಾ ಕಾರ್ಯಕರ್ತೆಗೂ ಬಾಯಿಬಿಡುವುದಿಲ್ಲ, ರಕ್ತಪರೀಕ್ಷೆ ತಡವಾಗುತ್ತದೆ. ಸತ್ತ ಮಂಗನ ಮೈಯಿಂದ ಉದುರಿದ ಉಣುಗು ಅಲ್ಲೇ ಸುತ್ತ ಇರುವುದರಿಂದ ಆ ಜಾಗವನ್ನಷ್ಟೇ ಗುರುತಿಸಿ ಮುಚ್ಚಿಸು. ಉಳಿದೆಡೆಗೆ ಉಣುಗು ದೂರವಿಡುವ ಡೇಪಾ ಎಣ್ಣೆ ಹಂಚಿಸು. ಹೋಗುವ ಮುಂಚೆ ಕೈಕಾಲಿಗೆ ಸವರಿಕೊಳ್ಳಲಿ, ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೀಯಲಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಲಿ. ಇಷ್ಟರಲ್ಲಿ ಕೆಲಸ ಆಗುವುದಾದರೆ ನಿಷೇಧಕ್ಕೆ ಕಾರಣವೇ ಇಲ್ಲ.

ಬೇಕೇ ಬೇಕಾದರೆ, ಹಳೆಯ 144ನೇ ಕಲಂ ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ನಿನಗೆ ಆ ಅಧಿಕಾರ ಕೊಟ್ಟ ಸರ್ಕಾರಿ ಆದೇಶವಿದೆಯೇ, ಮೊದಲು ನೋಡಿಕೋ. ಆದೇಶದಲ್ಲಿ ಸರ್ವೆ ನಂಬರ್ ಸಮೇತ ಗಡಿ, ಕಾರಣ, ಮುಗಿಯುವ ತಾರೀಖು ಇರಲಿ. ಎರಡು ತಿಂಗಳು ಮೀರುವಂತಿಲ್ಲ. ಮುಂದುವರಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಗುಮಾಸ್ತರು ಹೋದ ವರ್ಷದ ಆದೇಶಕ್ಕೆ ಹೊಸ ತಾರೀಖು ಹಾಕಿ ತಂದರೆ ವಾಪಸ್ ಕಳಿಸು. ಇಂಥ ಆದೇಶ ಪ್ರಕಟವಾಗಬೇಕು, ಆಧಾರವಾದ ಸಂಗತಿಗಳು ಅದರಲ್ಲೇ ಇರಬೇಕು ಎಂದು 2020ರ ಜನವರಿಯಲ್ಲಿ ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೀರಿದವರ ಮೇಲೆ ನ್ಯಾಯ ಸಂಹಿತೆಯ 223ರಡಿ ಬರೀ ಎಫ್‌ಐಆರ್ ಹಾಕಿಸಿದರೆ ಸಾಲದು. ನೀನೋ ನಿನ್ನ ಮೇಲಧಿಕಾರಿಯೋ ಲಿಖಿತ ದೂರು ಕೊಡದೆ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಎಷ್ಟೋ ಕಡೆ ಎಡವುವುದು ಇಲ್ಲೇ.

ಮುಂದೆ ಲಸಿಕೆ ಬಂದರೂ ಒತ್ತಾಯ ಬೇಡ. ಯಾರಿಗೂ ಬಲವಂತವಾಗಿ ಚುಚ್ಚುವಂತಿಲ್ಲ ಎಂದು ಕೋವಿಡ್ ಲಸಿಕೆಯ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2022ರ ಮೇ 2ರ ತೀರ್ಪು ಹೇಳುತ್ತದೆ. ಸಮುದಾಯದ ಹಿತಕ್ಕಾಗಿ ಹದವಾದ ನಿರ್ಬಂಧ ಹಾಕಬಹುದೆಂದೂ ಅದೇ ತೀರ್ಪಿನಲ್ಲಿದೆ, ಆದರೆ ಈ ಕಾಯಿಲೆಯಲ್ಲಿ ಚುಚ್ಚಿಸಿಕೊಳ್ಳದವನಿಂದ ನೆರೆಯವನಿಗೆ ಅಪಾಯವೇ ಇಲ್ಲವಲ್ಲ!

ರೋಗಿಗಳ ಪಟ್ಟಿ ಯಾವ ವಾಟ್ಸಾಪ್ ಗುಂಪಿಗೂ ಹೋಗಕೂಡದು. 2020ರ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸವನ್ನೇ ನಮ್ಮ ಸರ್ಕಾರ ಹೊರಬಿಟ್ಟಿತ್ತು. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ತೀರ್ಪು ತಂದುಕೊಟ್ಟ ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು, ನೋಡು.

ಅವಧಿ ಮುಗಿದ ದಿನ, ಆದೇಶ ಅಂಟಿಸಿದ ಪಂಚಾಯಿತಿ, ಅಂಗಡಿ, ಅರಣ್ಯ ಚೆಕ್‌ಪೋಸ್ಟುಗಳಲ್ಲೇ 'ಮುಗಿಯಿತು' ಎಂಬ ಚೀಟಿಯನ್ನೂ ಅಂಟಿಸು. ಇಲ್ಲದಿದ್ದರೆ ಗಾರ್ಡುಗಳು ಮಳೆಗಾಲದವರೆಗೂ ಜನರನ್ನು ತಡೆಯುತ್ತಲೇ ಇರುತ್ತಾರೆ.

ಇಂತು ನಿನ್ನ ಮಾವ