ಅಡ್ವಾನ್ಸ್ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ

ಮಾನ್ಯ ಸಂಪಾದಕರೇ,

ತಿಪಟೂರು ಸೀಮೆಯಲ್ಲಿ 31 ವರ್ಷ ಮನೆ, ಜಮೀನಿನ ಕ್ರಯಪತ್ರ ಬರೆದು ಬದುಕಿದವನು ನಾನು. ಮೊದಲು ಛಾಪಾ ಕಾಗದದ ಮೇಲೆ ಕೈಬರಹ, ಆಮೇಲೆ ಟೈಪ್‌ರೈಟರ್, ಕೊನೆಗೆ ಕಂಪ್ಯೂಟರ್. ಈಗ ಮೇಜನ್ನು ಮಗನಿಗೆ ಬಿಟ್ಟುಕೊಟ್ಟಿದ್ದೇನೆ. ಮನೆ ಕೊಳ್ಳುವವರು ಅಂದು ಕೇಳುತ್ತಿದ್ದುದನ್ನೇ ಇಂದೂ ಕೇಳುತ್ತಾರೆ. ಆದರೆ ಕೇಳುವುದು ತೀರಾ ತಡವಾಗಿ. ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಬ್ಯಾಂಕಿನ ಸಾಲ ಮಂಜೂರಾಗಿರುತ್ತದೆ, ರಿಜಿಸ್ಟ್ರಿಗೆ ದಿನ ಗೊತ್ತಾಗಿರುತ್ತದೆ. ಸಹಿಗೆ ಪೆನ್ನು ಕೈಗೆತ್ತಿಕೊಂಡು, "ಎಲ್ಲಾ ಸರಿಯಾಗಿದೆ ತಾನೆ ಸ್ವಾಮಿ?" ಅನ್ನುತ್ತಾರೆ. ಆ ಗಳಿಗೆಯಲ್ಲಿ "ಇಲ್ಲ" ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಒಂದು ಸಲ ನನಗೂ ಬರಲಿಲ್ಲ.

2017ರ ಮಾತು. ನರ್ಸ್ ಆಗಿ ನಿವೃತ್ತರಾದ ಹೆಣ್ಣುಮಗಳೊಬ್ಬರು 24 ಲಕ್ಷಕ್ಕೆ ಹಳೆಯ ಮನೆಯೊಂದನ್ನು ಕೊಳ್ಳಲು ಬಂದರು. ಮಾರುವವರು ಅಣ್ಣ, ತಮ್ಮ ಇಬ್ಬರು. ಮನೆ ಅವರ ತಂದೆ ಸ್ವಂತ ದುಡಿಮೆಯಲ್ಲಿ 1987ರಲ್ಲಿ ಕೊಂಡದ್ದು. ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು, ಖಾತೆ ಗಂಡುಮಕ್ಕಳ ಹೆಸರಿಗೆ ಜಂಟಿಯಾಗಿ ಕೂತಿತ್ತು. ನರ್ಸಮ್ಮ ಅಚ್ಚುಕಟ್ಟಿನವರು. ಮೂಲಪತ್ರ, ಕಂದಾಯದ ರಸೀದಿ, ಖಾತೆ ನಕಲು, ಇಸಿ (ಆಸ್ತಿಯ ಮೇಲಿನ ಮಾರಾಟ, ಸಾಲಗಳ ನಮೂದು ತೋರಿಸುವ ಋಣಭಾರ ಪತ್ರ) ಎಲ್ಲವನ್ನೂ ಇಸವಿವಾರು ಜೋಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ಇಸಿಯಲ್ಲಿ ತಂದೆ ಕೊಂಡ ಒಂದು ನಮೂದು ಬಿಟ್ಟರೆ ಬೇರೆ ಗೆರೆಯೇ ಇರಲಿಲ್ಲ.

"ಅಕ್ಕತಂಗಿಯರು ಇದ್ದಾರಾ?" ಅಂತ ಕೇಳಿದೆ. "ಒಬ್ಬಳಿದ್ದಾಳೆ. ಒಡವೆ ವಸ್ತ್ರ ಕೊಟ್ಟು ಚೆನ್ನಾಗಿ ಮದುವೆ ಮಾಡಿದ್ದೀವಿ, ಅವಳ ತಕರಾರು ಏನಿಲ್ಲ" ಅಂದರು ದೊಡ್ಡವರು. ಅವರದೂ ಒಂದು ಸಹಿ ಹಾಕಿಸಿ ಅಂದೆ. ದೂರದೂರು, ಬರುವುದು ಕಷ್ಟ ಅಂದರು. ನರ್ಸಮ್ಮ ನನ್ನ ಮುಖ ನೋಡಿದರು. 5 ಲಕ್ಷ ಅಡ್ವಾನ್ಸ್ ಅದಾಗಲೇ ಕೈದಾಟಿತ್ತು, ಬಾಡಿಗೆ ಮನೆ ಬಿಡುವುದಾಗಿ ಓನರಿಗೆ ಹೇಳಿಯೂ ಆಗಿತ್ತು. ನಾನು ಹಟ ಹಿಡಿಯಲಿಲ್ಲ. ಶುದ್ಧ ಕ್ರಯಪತ್ರದ ಎಂದಿನ ಒಕ್ಕಣೆಯನ್ನೇ ಬರೆದೆ: "ಈ ಸ್ವತ್ತಿನಲ್ಲಿ ನಮಗಲ್ಲದೆ ಬೇರೆ ಯಾರಿಗೂ ಯಾವ ಹಕ್ಕೂ ಇರುವುದಿಲ್ಲ. ನೀವು ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು." ಕೆಳಗೆ ಬಿಕ್ಕಲಂ, ಅಂದರೆ ಪತ್ರ ಬರೆದವನು, ಅಂತ ನನ್ನ ಸಹಿ.

ಆ ವರ್ಷ ಗೌರಿ ಹಬ್ಬಕ್ಕೆ ತಂಗಿ ಬಂದರು. ಬಾಗಿನಕ್ಕೆ ಕರೆ ಬಂದಿರಲಿಲ್ಲ. ಆದರೂ ತವರಿನ ತುಳಸಿಕಟ್ಟೆಗೆ ದೀಪ ಹಚ್ಚಿ ಹೋಗೋಣವೆಂದು ಬಂದರೆ, ಬಾಗಿಲಲ್ಲಿ ಯಾರದೋ ರಂಗೋಲಿ, ಗೋಡೆಗೆ ಹೊಸ ಬಣ್ಣ. ತಿಂಗಳೊಪ್ಪತ್ತಿನಲ್ಲಿ ನರ್ಸಮ್ಮ ಅದೇ ಪ್ಲಾಸ್ಟಿಕ್ ಕವರು ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಎಲ್ಲಕ್ಕಿಂತ ಮೇಲೆ ಕೋರ್ಟಿನ ಸಮನ್ಸ್ ಇತ್ತು.

ಆ ತಂಗಿಯದು ದುರಾಸೆಯೆಂದು ನಾನು ಯಾವತ್ತೂ ಹೇಳುವುದಿಲ್ಲ. ಸ್ವಯಾರ್ಜಿತ ಆಸ್ತಿಗೆ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಪಾಲು, ಬದುಕಿದ್ದರೆ ತಾಯಿಗೂ ಒಂದು ಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇರುವ ಮಾತು, ನಿನ್ನೆ ಮೊನ್ನೆಯದಲ್ಲ. ಪಿತ್ರಾರ್ಜಿತದಲ್ಲಿ ನಮ್ಮ ರಾಜ್ಯ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆ ಧರ್ಮದವರಿಗೆ ಅವರವರ ಕಾನೂನು ಇದೆ. ಆದರೆ ಕೇಳಬೇಕಾದದ್ದು ಎಲ್ಲರ ಮನೆಯಲ್ಲೂ ಒಂದೇ: ಸತ್ತವರಿಗೆ ವಾರಸುದಾರರು ಯಾರು ಯಾರು? ಒಡವೆ ಕೊಟ್ಟು ಮದುವೆ ಮಾಡಿದರೆ ಪಾಲು ತೀರಿತು ಅನ್ನುವುದು ನಮ್ಮ ಜನರ ನಂಬಿಕೆಯೇ ಹೊರತು ಕಾನೂನಲ್ಲ.

ಹಾಗಾಗಿ ಆ ಅಣ್ಣತಮ್ಮಂದಿರು ಮಾರಿದ್ದು ತಮ್ಮ ಎರಡು ಪಾಲನ್ನು ಮಾತ್ರ. ಮೂರನೆಯ ಪಾಲು ತಂಗಿಯ ಬಳಿಯೇ ಉಳಿದಿತ್ತು. ಎರಡು ವರ್ಷ ಕೋರ್ಟಿಗೆ ಅಲೆದು ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ನರ್ಸಮ್ಮ ಇನ್ನೂ 6 ಲಕ್ಷ ಹೊಂದಿಸಿ ಆ ಪಾಲನ್ನು ಬೇರೆ ಪತ್ರದಲ್ಲಿ ಕೊಂಡರು, ಅದರ ಮುದ್ರಾಂಕ ಶುಲ್ಕವನ್ನೂ ಕಟ್ಟಿದರು. "ತಕರಾರು ಬಂದರೆ ನಾವೇ ಮುಂದೆ ನಿಂತು ಬಗೆಹರಿಸಿಕೊಡುತ್ತೇವೆ" ಎಂಬ ಸಾಲು ಮೊದಲ ಪತ್ರದಲ್ಲಿ ಇದ್ದೇ ಇತ್ತು. ಆ ಸಾಲು ನಂಬಿ ಅಣ್ಣತಮ್ಮಂದಿರಿಂದ ದುಡ್ಡು ವಸೂಲು ಮಾಡಬೇಕೆಂದರೆ ಮತ್ತೊಂದು ದಾವೆ ಹೂಡಬೇಕಿತ್ತು. ನರ್ಸಮ್ಮನಿಗೆ ಆ ಶಕ್ತಿ ಉಳಿದಿರಲಿಲ್ಲ. ಅಂದು ಮಾರುವವರ ಸಾಲಿನಲ್ಲಿ ತಂಗಿಯ ಹೆಸರನ್ನೂ ಸೇರಿಸಿದ್ದರೆ ಶುಲ್ಕ ಒಂದು ರೂಪಾಯಿಯೂ ಹೆಚ್ಚಾಗುತ್ತಿರಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಇಸಿ ಚೊಕ್ಕವಾಗಿದ್ದರೆ ಸಾಕೇ ಎಂದು ಇವತ್ತೂ ದಿನಕ್ಕೊಬ್ಬರು ಕೇಳುತ್ತಾರೆ. ಸಾಲದು. ನೋಂದಣಿಯಾದ ವ್ಯವಹಾರ ಮಾತ್ರ ಇಸಿಯಲ್ಲಿ ಕಾಣುತ್ತದೆ, ಅದೂ ನೀವು ಕೇಳಿದ ಅವಧಿಯದ್ದು ಮಾತ್ರ. ತಂದೆ ಸತ್ತದ್ದು, ಅವರಿಗೆ ಎಷ್ಟು ಮಕ್ಕಳೆಂಬುದು, ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ ಯಾವುದೂ ಅದರಲ್ಲಿ ಇರುವುದಿಲ್ಲ. ನೋಂದಾಯಿಸಿದ ಉಯಿಲು ಕೂಡ ಬೇರೆ ಪುಸ್ತಕಕ್ಕೆ ಹೋಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸುಲಭವಾಗಿ ಸಿಗುವುದು ಹೆಚ್ಚಾಗಿ 2004ರ ಈಚಿನ ಮಾಹಿತಿ. ಅದಕ್ಕೂ ಹಿಂದಿನದಕ್ಕೆ ಕೈಬರಹದ ಪುಸ್ತಕ ಹುಡುಕಿಸಲೇಬೇಕು. ಆ ಎರಡು ದಿನದ ಓಡಾಟಕ್ಕೆ ಬೇಸರಪಡಬೇಡಿ.

ಖಾತೆಯೂ ಹಾಗೆಯೇ. ಅದು ಕಂದಾಯ ಕಟ್ಟುವವರ ಲೆಕ್ಕ, ಒಡೆತನದ ಪತ್ರವಲ್ಲ. ಈಗ ಕಂಪ್ಯೂಟರಿನಲ್ಲಿ ಕೊಡುವ ಇ-ಖಾತೆ ಇಲ್ಲದೆ ರಿಜಿಸ್ಟ್ರಿ ಆಗದು, ಅದು ಒಳ್ಳೆಯದೇ. ಆದರೆ ಇ-ಖಾತೆ ಬಂತೆಂದು ಮೂಲಪತ್ರದಿಂದ ಇಂದಿನವರೆಗಿನ ಕೊಂಡಿ ನೋಡುವುದನ್ನು ಬಿಟ್ಟರೆ ನರ್ಸಮ್ಮನ ಕತೆಯೇ ಮರುಕಳಿಸುತ್ತದೆ. ಜಿಪಿಎ (ಒಡೆಯರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಬರೆದುಕೊಂಡು ಮನೆ ಕೊಂಡೆವು ಅನ್ನುವವರು ಇನ್ನೂ ಇದ್ದಾರೆ. ಬರೀ ಜಿಪಿಎಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಖರ್ಚು ಎಷ್ಟು, ಯಾರದು ಅನ್ನುವುದು ಇನ್ನೊಂದು. ಬೇರೆ ಮಾತಾಗದಿದ್ದರೆ ಕೊಳ್ಳುವವರದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿದರೆ ಪಟ್ಟಣದಲ್ಲಿ ಶೇ 7.6. ಅಂದರೆ 40 ಲಕ್ಷದ ಮನೆಗೆ 3,04,000 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ, ಕೊಟ್ಟ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1 ಆದಾಯ ತೆರಿಗೆ ಹಿಡಿದು ಕಟ್ಟಬೇಕು.

ಮಾರುವವರಿಗೂ ಒಂದು ಮಾತು. ಗೃಹಸಾಲ ತೀರಿಸಿದವರು ಬ್ಯಾಂಕಿನಿಂದ ಮೂಲಪತ್ರಗಳನ್ನು ಕೇಳಿ ಪಡೆಯಿರಿ. ತೀರಿಸಿದ 30 ದಿನದೊಳಗೆ ಹಿಂದಿರುಗಿಸಬೇಕು, ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2023ರ ಆದೇಶವಿದೆ. ಸಾಲದ ನಮೂದು ಇಸಿಯಲ್ಲಿದ್ದರೆ ಋಣಮುಕ್ತ ಪತ್ರವನ್ನೂ ನೋಂದಾಯಿಸಿ. ಚಕ್ಕುಬಂದಿಯನ್ನು, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿಯನ್ನು, ಜಾಗದಲ್ಲೇ ನಿಂತು ಓದಿ. ಪೂರ್ವಕ್ಕೆ ಖಾಲಿ ನಿವೇಶನ ಎಂದಿರುವ ಕಡೆ ಈಗ ಮೂರಂತಸ್ತಿನ ಮನೆ ಎದ್ದಿರುತ್ತದೆ. ಪತ್ರ ಬರೆಯುವ ಮುಂಚೆ ಹೇಳಿದರೆ ಎರಡು ನಿಮಿಷದಲ್ಲಿ ಸರಿಯಾಗುವ ಸಾಲು ಅದು.

ನೋಂದಣಿ ಇಲಾಖೆಗೆ ನನ್ನ ಬೇಡಿಕೆ ಒಂದೇ. ಪ್ರತಿ ಉಪನೋಂದಣಿ ಕಚೇರಿಯ ಬಾಗಿಲಲ್ಲಿ ದೊಡ್ಡ ಕನ್ನಡ ಅಕ್ಷರದ ಬೋರ್ಡು ಹಾಕಿಸಲಿ. "ಅಡ್ವಾನ್ಸ್ ಕೊಡುವ ಮುಂಚೆ ಮಾರುವವರ ಮನೆಯ ವಂಶವೃಕ್ಷ ಕೇಳಿ. ಅಕ್ಕತಂಗಿಯರು, ತಾಯಿ, ತೀರಿಹೋದ ಮಕ್ಕಳ ಮಕ್ಕಳು ಎಲ್ಲರೂ ಅದರಲ್ಲಿ ಇದ್ದಾರೆಯೇ ಎಂದು ಅಕ್ಕಪಕ್ಕದವರಲ್ಲಿ ವಿಚಾರಿಸಿ" ಎಂದು ಅದರಲ್ಲಿರಲಿ. ವಂಶವೃಕ್ಷಕ್ಕೂ ಆಧಾರ ಮಾರುವವರದೇ ಪ್ರಮಾಣಪತ್ರ, ಅದಕ್ಕೇ ಅಕ್ಕಪಕ್ಕದವರ ಮಾತು ಬೇಕು. ತಮ್ಮಂಥ ಪತ್ರಿಕೆಯ ಒಳಪುಟದಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ತಕರಾರು ಕರೆಯುವುದೂ ಒಳ್ಳೆಯದು. ಅದರಿಂದ ಯಾರ ಹಕ್ಕೂ ಅಳಿಯದು, ಆದರೆ ದೂರದೂರಿನ ತಂಗಿಗೆ ಸುದ್ದಿ ಮುಟ್ಟಬಹುದು.

ಬೋರ್ಡಿನ ಒಕ್ಕಣೆಯನ್ನು ನಾನೇ ಬರೆದುಕೊಡಲು ಸಿದ್ಧನಿದ್ದೇನೆ, ಅದಕ್ಕೆ ಕಾಸು ಬೇಡ.

ಇಂತಿ,
ನಿವೃತ್ತ ಪತ್ರ ಬರಹಗಾರ, ತಿಪಟೂರು