‘ಮಾಲು ಸರಿಯಿಲ್ಲ’ ಅಂದರೆ?

ಉಡುಪಿ

ಚಿ. ಅಕ್ಷತಾಳಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಜರ್ಮನಿಯ ಹೊಸ ಗಿರಾಕಿಗೆ ಮರದ ಮೇಜು ಕಳಿಸುವ ಆರ್ಡರಿನ ವಿಷಯ, ಬೈಕಂಪಾಡಿಯ ಶೆಡ್ಡಿನ ಬಾಡಿಗೆ, ಅದೆಲ್ಲ ಇರಲಿ. ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ಮಾಲು ಅಲ್ಲಿಗೆ ಮುಟ್ಟಿದ ಮೇಲೆ ಸರಿಯಿಲ್ಲ ಅಂದರೆ ಎಂಥ ಮಾಡುವುದು ದೊಡ್ಡಪ್ಪ?’ ಅಂತ, ಅದು ನಿನ್ನೆಯಿಂದ ನನ್ನನ್ನು ಕೂರಲು ಬಿಡುವುದಿಲ್ಲ.

2025ರ ಆಗಸ್ಟಿನಲ್ಲಿ ಅಮೆರಿಕದವರು ನಮ್ಮ ಮಾಲಿನ ಮೇಲೆ ಶೇ 50 ಸುಂಕ ಹೇರಿದಾಗ ನಿನ್ನ ಹಳೆಯ ಗಿರಾಕಿ ಕೈಬಿಟ್ಟ. ಆ ಪೆಟ್ಟಿಗೇ ಈ ಜರ್ಮನಿಯವ ಹೇಳಿದ್ದಕ್ಕೆಲ್ಲ ನೀನು ಹೂಂ ಅಂದಿದ್ದೀಯ ಎಂದು ಕಾಣುತ್ತದೆ. ತಪ್ಪು ಅನ್ನುವುದಿಲ್ಲ. ವಿಯೆಟ್ನಾಂನವರು ವರ್ಷಕ್ಕೆ ಸಾವಿರ ಕೋಟಿ ಡಾಲರಿಗೂ ಮೇಲೆ ಮರದ ಮಾಲು ಕಳಿಸುತ್ತಾರೆ, ಅರ್ಧಕ್ಕಿಂತ ಹೆಚ್ಚು ಅಮೆರಿಕಕ್ಕೇ. ಅಂಥವರೇ ಅಲ್ಲಿಯ ಒಂದು ಮಾತಿಗೆ ನಡುಗುವಾಗ ನಿನ್ನದು ಹತ್ತು ಜನರ ಶೆಡ್ಡು. ಆದರೆ ಅವ ಕೇಳಿದ ‘ಡಿ.ಎ. 60 ದಿನ’ ಅಂದರೆ ಎಂಥ ಗೊತ್ತುಂಟಾ? 60 ದಿನಕ್ಕೆ ಹಣ ಕೊಡುತ್ತೇನೆ ಎಂಬ ಹುಂಡಿಗೆ ಅವ ಒಂದು ರುಜು ಹಾಕಿದರೆ ಬ್ಯಾಂಕು ಮಾಲು ಬಿಡಿಸುವ ದಾಖಲೆಗಳನ್ನು ಅವನ ಕೈಗೆ ಕೊಡುತ್ತದೆ. ಮಾಲು ಅವನ ಗೋದಾಮಿನಲ್ಲಿ, ಹಣ ಅವನ ಜೇಬಿನಲ್ಲಿ, ಮನೆಯ ಪತ್ರ ಮಾತ್ರ ನಿನ್ನ ಬ್ಯಾಂಕಿನಲ್ಲಿ. ಆಮೇಲೆ ಸರಿಯಿಲ್ಲ ಅಂದರೆ?

1993ರಲ್ಲಿ ನನಗೆ ಅಂದರು. ಹ್ಯಾಂಬರ್ಗಿಗೆ ಹೋದ ಆ ಕಂಟೇನರಿನ ಕತೆ, ಅಮ್ಮನ ಬಳೆ ಹೋದದ್ದು, ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು. ಜುಲೈ ತಿಂಗಳು, ಬಿಡದೆ ಮಳೆ. ನಮ್ಮ ಆಚಾರ್ರು ಸಾಗುವಾನಿ ಹಲಗೆ ಕೀಸಿ, ಅದರ ಸುರುಳಿಯನ್ನು ಕೆನ್ನೆಗೆ ಒತ್ತಿಕೊಂಡು, ‘ತಂಪುಂಟು ಧನಿಗಳೇ, ಇನ್ನೊಂದು ತಿಂಗಳು ಬಿಡಿ’ ಅಂದರು. ಹಡಗಿನ ದಿನ ಹತ್ತಿರ ಬಂದಿತ್ತು. ನಾನು ಕೇಳಲಿಲ್ಲ. ನಮ್ಮ ಮಳೆಗಾಲದ ಗಾಳಿಯಲ್ಲಿ ಮರ ಶೇ 16-18 ನೀರು ಹಿಡಿದುಕೊಂಡಿರುತ್ತದೆ. ಅಲ್ಲಿ ಚಳಿಗೆ ಹೀಟರ್ ಹಾಕಿದ ಮನೆಯೊಳಗೆ ಅದು 6-8ಕ್ಕೆ ಇಳಿಯುತ್ತದೆ. ಮರ ಕುಗ್ಗದೆ ಎಂಥ ಮಾಡೀತು? ಹಣಕ್ಕೆ ನಾನು ಕೊಟ್ಟದ್ದು 90 ದಿನದ ವಾಯಿದೆ. ಅದು ತೀರುವ ಮೊದಲೇ, ಡಿಸೆಂಬರಿನಲ್ಲಿ, ಫೋಟೋ ಬಂತು. ಮೇಜಿನ ಎರಡು ಹಲಗೆಗಳ ನಡುವೆ ಸಂದು, ಸಂದಿನಲ್ಲಿ ಅವರು ಒಂದು ನಾಣ್ಯ ನಿಲ್ಲಿಸಿದ್ದರು.

ಆ ಫೋಟೋವನ್ನು ಆಚಾರ್ರ ಮುಖಕ್ಕೆ ಹಿಡಿದು, ಎಲ್ಲರ ಎದುರು, ‘ಜೋಡಣೆ ನಿಮ್ಮದೇ ಅಲ್ಲವಾ?’ ಎಂದು ಕೇಳಿದೆ. ಅವರು ಉಳಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ಅವರ ಮನೆ ಎರಡು ಮೈಲಿಯ ದಾರಿ. ನಾನು ಆ ಅಂಗಳ ತುಳಿದದ್ದು ಅವರು ತೀರಿಕೊಂಡ ದಿನ.

ಗಿರಾಕಿ ಸುಳ್ಳು ಹೇಳಿರಲಿಲ್ಲ ಮಗಳೇ. ಅದನ್ನು ಒಪ್ಪಲಿಕ್ಕೆ ನನಗೆ ವರ್ಷಗಳು ಹಿಡಿದವು.

ಇಸಿಜಿಸಿ, ಅಂದರೆ ಸರಕಾರದ ರಫ್ತು ವಿಮೆ ಕಂಪನಿ, ಅದರ ವಿಮೆ ಉಂಟು ಅಂತ ಧೈರ್ಯ ಮಾಡಬೇಡ. ಗಿರಾಕಿ ದಿವಾಳಿಯಾದರೆ, ಹಣ ಕೊಡದೆ ಕೂತರೆ ಅದು ಬರುತ್ತದೆ. ಗುಣಮಟ್ಟದ ತಕರಾರು ಎತ್ತಿದನೋ, ಮೊದಲು ಅವನ ದೇಶದ ಕೋರ್ಟಿನಲ್ಲಿ ಗೆದ್ದು ಬಾ ಅನ್ನುತ್ತಾರೆ. ನಿನಗೆ ಎಲ್ಲಿ ಹೆದರಿಕೆಯೋ ಅಲ್ಲೇ ಕೊಡೆ ತೂತು. ಪ್ಯಾಕಿಂಗಿನ ಮರವನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಮುದ್ರೆ ಹೊಡೆಯುತ್ತಾರಲ್ಲ, ಅದು ಹುಳ ಸಾಯಲಿಕ್ಕೆ. ಅದನ್ನು ನೋಡಿ ಮೇಜೂ ಒಣಗಿದೆ ಅಂದುಕೊಳ್ಳಬೇಡ.

30 ಪರ್ಸೆಂಟ್ ಅಡ್ವಾನ್ಸ್ ಕೇಳಿ ನೋಡು. ಉಳಿದದ್ದು ಡಿ.ಪಿ., ಹಣ ಕಟ್ಟಿದ ಮೇಲೆಯೇ ದಾಖಲೆ. ಒಪ್ಪಲಿಕ್ಕಿಲ್ಲವೇನೋ, ಈಗಿನ ವ್ಯಾಪಾರ ನನಗೆ ತಿಳಿದದ್ದು ಅಷ್ಟಕ್ಕಷ್ಟೇ. ಆಗದಿದ್ದರೆ ತೇವ ಎಷ್ಟಿರಬೇಕು, ಯಾರು ಅಳೆಯಬೇಕು ಎಂದು ಆರ್ಡರಿನಲ್ಲೇ ಬರೆಸು, ಲೋಡ್ ಮಾಡುವ ಮೊದಲು ಅವರ ಕಡೆಯವರೊಬ್ಬರು ಬಂದು ನೋಡಿ ರುಜು ಹಾಕಲಿ. ಪಣಂಬೂರು ಬಂದರಿನಲ್ಲಿ ಇಳಿದ ದಿಮ್ಮಿ ಯಾವ ತೋಟದ್ದು ಎಂಬ ಕಾಗದವನ್ನೂ ತೆಗೆದಿಡು. ಯುರೋಪಿನ 2023ರ ಕಾಯಿದೆಯಲ್ಲಿ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಮರ ಅಲ್ಲಿಗೆ ಹೋಗುವ ಹಾಗಿಲ್ಲ. ಜಾರಿಯನ್ನು ಮುಂದೂಡುತ್ತಾ ಬಂದಿದ್ದಾರೆ, ಆದರೂ ಸರಿಯಿಲ್ಲ ಅನ್ನಲಿಕ್ಕೆ ಅದೂ ಒಂದು ದಾರಿಯೇ.

ಒಪ್ಪಂದಕ್ಕೆ ಇನ್ನೂ ರುಜು ಹಾಕಿಲ್ಲವಾದರೆ ಫೋನ್ ಮಾಡು. ರಾತ್ರಿ ಹನ್ನೊಂದಾದರೂ ಅಡ್ಡಿಯಿಲ್ಲ. ಹಾಕಿ ಆಗಿದ್ದರೂ ಮಾಡು. ಭಾನುವಾರ ಬೆಳಿಗ್ಗಿನ ಬಸ್ಸಿಗೆ ಬರುತ್ತೇನೆ, ಇಬ್ಬರೂ ಕೂತು ಒಂದೊಂದೇ ಹಲಗೆ ನೋಡುವ.

ನಿನ್ನ
ದೊಡ್ಡಪ್ಪ